ನೆಲವೂ ಡೊಂಕಿರಬಹುದು

ಈ ಸಭಾಂಗಣ ಇರುವುದು ಮೂರನೇ ಮಹಡಿಯಲ್ಲಿ. ದೊಡ್ಡವರು ಯಾಕೆ ಓಡಾಡುವುದಿಲ್ಲ ಎಂಬ ವಿಷಯದ ಮೇಲೆ ಮಾತಾಡಲು ಬಂದವನು ನಾನು. ಅರ್ಧ ಗಂಟೆ ಮುಂಚೆಯೇ ಬಂದು ಕೆಳಗೆ ಲಿಫ್ಟಿನ ಹತ್ತಿರ ನಿಂತು ನಿಮ್ಮನ್ನೆಲ್ಲ ನೋಡುತ್ತಿದ್ದೆ. ಲಿಫ್ಟಿಗೆ ಕಾದವರೇ ಕಾದವರು. ಮೆಟ್ಟಿಲು ಹುಡುಕಿಕೊಂಡು ಹೋದವರು ಮೂವರೋ ನಾಲ್ವರೋ. ನಗಬೇಡಿ, ನಾನೂ ಲಿಫ್ಟಿನಲ್ಲೇ ಬಂದೆ. ಮೊದಲು ಮೆಟ್ಟಿಲು ಎಲ್ಲಿದೆ ಅಂತ ಕೇಳಿದ್ದು ನಿಜ. ಕಾವಲಿನವರು ಕೈ ತೋರಿಸಿದರು. ಉದ್ದಕ್ಕೆ ಹೋಗಬೇಕು, ಕೊನೆಯಲ್ಲಿ ಬೂದು ಬಣ್ಣದ ಕಬ್ಬಿಣದ ಬಾಗಿಲು, ಮೇಲೆ ‘ತುರ್ತು ನಿರ್ಗಮನ’ ಎಂಬ ಫಲಕ. ಬೆಂಕಿ ಬಿದ್ದಾಗ ಮಾತ್ರ ಬಳಸಬೇಕಾದ ಜಾಗ ಎನ್ನುವ ಹಾಗೆ. ತಳ್ಳಿ ನೋಡಿದೆ. ಒಳಗೆ ಕತ್ತಲು, ಮೊದಲ ತಿರುವಿನಲ್ಲಿ ಯಾರೋ ಮುರಿದ ಕುರ್ಚಿಗಳನ್ನು ಪೇರಿಸಿಟ್ಟಿದ್ದಾರೆ. ಲಿಫ್ಟ್ ನೋಡಿದರೆ ಬಾಗಿಲಿನ ಎದುರಿಗೇ ಇದೆ, ಬೆಳಕಿದೆ, ಒಳಗೆ ಕನ್ನಡಿ ಕೂಡ ಇದೆ. ಸುಮ್ಮನೆ ವಾಪಸು ಬಂದು ಸಾಲಿನಲ್ಲಿ ನಿಂತೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ವ್ಯಾಯಾಮದ ಮಾತು ಬಂದಾಗಲೆಲ್ಲ ಈ ಗಾದೆ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ಟೈಮಿಲ್ಲ ಅಂದರೆ ನೆಪ, ಜಾಗವಿಲ್ಲ ಅಂದರೆ ನೆಪ, ಮಂಡಿ ನೋವು ಅಂದರೂ ಅರ್ಧ ನೆಪವೇ. ನಾನು ಫಿಸಿಯೋಥೆರಪಿ ಮಾಡುವವನು. ದಿನವಿಡೀ ಇಂಥ ಮಾತು ಕೇಳುವ ಕೆಲಸ. ಮೊದಮೊದಲು ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ. ಈಗ, ಆ ನೆಲ ನಿಜವಾಗಿಯೂ ಎಷ್ಟು ಡೊಂಕಿದೆ ಎಂದು ಒಮ್ಮೆ ಅಳೆದು ನೋಡಬೇಕಲ್ಲವೇ ಅನ್ನಿಸುತ್ತದೆ. ಅಳೆದವರಿದ್ದಾರೆ. ಅವರ ಕತೆಗಳನ್ನೇ ಇವತ್ತು ಹೇಳುವುದು.

ಮೊದಲು ಸಮಸ್ಯೆಯ ಗಾತ್ರ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ಚಟುವಟಿಕೆ ಬೇಕು. ಬಿರುಸಾದದ್ದಾದರೆ 75ರಿಂದ 150 ನಿಮಿಷ ಸಾಕು. ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ. ಮಧ್ಯಮ ಅಂದರೆ ಏನು ಎಂದು ಕೇಳಿದವರಿಗೆ ನಾನು ಹೇಳುವುದು ಇಷ್ಟೇ: ಮಾತಾಡಲು ಆಗಬೇಕು, ಹಾಡಲು ಆಗಬಾರದು. 2022ರಲ್ಲಿ ಈ ಕನಿಷ್ಠವನ್ನೂ ಮುಟ್ಟದವರು ಜಗತ್ತಿನ ವಯಸ್ಕರಲ್ಲಿ ಶೇ. 31, ಅಂದರೆ ಸುಮಾರು 180 ಕೋಟಿ ಜನ. 2010ರಲ್ಲಿ ಇದು ಶೇ. 26 ಇತ್ತು. ಹನ್ನೆರಡು ವರ್ಷಗಳಲ್ಲಿ ಮನುಷ್ಯನ ಸ್ವಭಾವ ಅಷ್ಟು ಕೆಡುತ್ತದೆಯೇ? ಸೋಮಾರಿತನವೇ ಕಾರಣ ಎನ್ನುವವರು ಈ ಪ್ರಶ್ನೆಗೆ ಮೊದಲು ಉತ್ತರ ಹೇಳಬೇಕು.

ಇಲ್ಲೊಂದು ಅಡ್ಡಮಾತು. 2020ಕ್ಕೆ ಮೊದಲು ಈ ಲೆಕ್ಕದಲ್ಲಿ ಒಂದು ಕರಾರಿತ್ತು. ಒಮ್ಮೆಗೆ ಕನಿಷ್ಠ ಹತ್ತು ನಿಮಿಷ ಬಿಡದೆ ಮಾಡಿದರೆ ಮಾತ್ರ ಚಟುವಟಿಕೆ ಲೆಕ್ಕಕ್ಕೆ ಬರುತ್ತಿತ್ತು. ಮೂರು ನಿಮಿಷ ಮೆಟ್ಟಿಲು ಹತ್ತಿದ್ದು, ಐದು ನಿಮಿಷ ಬಿರುಸಾಗಿ ನಡೆದದ್ದು ಯಾವ ಖಾತೆಗೂ ಜಮೆಯಾಗುತ್ತಿರಲಿಲ್ಲ. ಅಮೆರಿಕದಲ್ಲಿ 2003-04ರಲ್ಲಿ ಜನರ ಸೊಂಟಕ್ಕೆ ಚಲನೆ ಅಳೆಯುವ ಪುಟ್ಟ ಯಂತ್ರ ಕಟ್ಟಿ ಈ ಕರಾರಿನ ಪ್ರಕಾರ ಅಳೆದಾಗ, ಗುರಿ ಮುಟ್ಟಿದ ವಯಸ್ಕರು ಶೇ. 5ಕ್ಕಿಂತಲೂ ಕಡಿಮೆ! ಬಾಯಿಮಾತಿನಲ್ಲಿ ಕೇಳಿದಾಗ ಲೆಕ್ಕ ಇದಕ್ಕಿಂತ ಎಷ್ಟೋ ಹೆಚ್ಚು ಬರುತ್ತಿತ್ತು. ಜನ ಸುಳ್ಳು ಹೇಳಿದರು ಎನ್ನಬೇಡಿ. ನಿನ್ನೆ ಎಷ್ಟು ಹೊತ್ತು ನಿಂತಿದ್ದಿರಿ ಎಂದು ನಿಮ್ಮನ್ನು ಈಗ ಕೇಳಿದರೆ ನೀವೂ ತೋಚಿದ್ದನ್ನೇ ಹೇಳುತ್ತೀರಿ. 2020ರಲ್ಲಿ ಹತ್ತು ನಿಮಿಷದ ಕರಾರನ್ನು ತೆಗೆದರು. ನನ್ನ ಮಟ್ಟಿಗೆ ಅದು ದೊಡ್ಡ ಸುಧಾರಣೆ. ವ್ಯಾಯಾಮ ಅಂದರೆ ಬೇರೆ ಬಟ್ಟೆ ಹಾಕಿಕೊಂಡು ಬೇರೆ ಜಾಗಕ್ಕೆ ಹೋಗಿ ಮಾಡುವ ವಿಧಿ ಎಂಬ ಭಯ ಅದರಿಂದ ಸ್ವಲ್ಪ ಕರಗಿತು.

ಇನ್ನು ಸೋಮಾರಿತನದ ವಿಚಾರಣೆ. ಟಾಂಜಾನಿಯಾದಲ್ಲಿ ಹಡ್ಜಾ ಎಂಬ ಬುಡಕಟ್ಟಿನವರಿದ್ದಾರೆ. ಇಂದಿಗೂ ಬೇಟೆಯಾಡಿ, ಗೆಡ್ಡೆ ಅಗೆದು, ಜೇನು ಕಿತ್ತು ಬದುಕುವ ಕುಟುಂಬಗಳು ಅವರಲ್ಲಿವೆ. ನಮಗಿಂತ ಎಷ್ಟೋ ಪಟ್ಟು ಹೆಚ್ಚು ನಡೆಯುವ ಜನ. ಅವರಿಗೂ ಅಳೆಯುವ ಯಂತ್ರ ಕಟ್ಟಿ ನೋಡಿದರು. ಆ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅವರು ಎಚ್ಚರವಿರುವಾಗ ದಿನಕ್ಕೆ ಎಷ್ಟು ಹೊತ್ತು ಸುಮ್ಮನೆ ಕೂರುತ್ತಾರೆ ಗೊತ್ತೇ? ಸುಮಾರು 10 ಗಂಟೆ! ಆಫೀಸಿನಲ್ಲಿ ದುಡಿಯುವವರು ಕೂರುವಷ್ಟೇ ಹೊತ್ತು. ವ್ಯತ್ಯಾಸ ಎರಡು. ಒಂದು, ಅವರು ಕುರ್ಚಿಯ ಮೇಲೆ ಒರಗುವುದಿಲ್ಲ. ಬಹಳ ಹೊತ್ತು ಕುಕ್ಕರಗಾಲಿನಲ್ಲೋ ಮಂಡಿಯೂರಿಯೋ ಕೂರುತ್ತಾರೆ, ಹಾಗೆ ಕೂತಾಗ ಕಾಲಿನ ಸ್ನಾಯುಗಳಿಗೆ ಪೂರ್ತಿ ರಜೆ ಸಿಗುವುದಿಲ್ಲ. ಇನ್ನೊಂದು, ಅವರು ಎದ್ದಾಗ ಎದ್ದೇ ಏಳುತ್ತಾರೆ. ಏಳದಿದ್ದರೆ ಅವತ್ತು ಹೊಟ್ಟೆಗಿಲ್ಲ.

ಬಿಡುವಾದಾಗ ಕೂರಬೇಕು ಅನ್ನಿಸುವುದು ಹೊಸ ರೋಗವಲ್ಲ ಎಂದಾಯಿತು. ಅನ್ನ ಸಿಗುವುದೇ ಕಷ್ಟವಿದ್ದ ಕಾಲದಲ್ಲಿ ಸುಮ್ಮನೆ ಓಡಿ ಶಕ್ತಿ ಕಳೆದುಕೊಳ್ಳುವುದು ಮೂರ್ಖತನವಾಗಿತ್ತು. ನಮ್ಮ ಮೈ ಇನ್ನೂ ಆ ಹಳೆಯ ಲೆಕ್ಕಪುಸ್ತಕವನ್ನೇ ಹಿಡಿದುಕೊಂಡಿದೆ. ಮಾಯವಾಗಿರುವುದು, ಏಳಲೇಬೇಕಾಗಿದ್ದ ಕಾರಣಗಳು. ಅಮೆರಿಕದ ಉದ್ಯೋಗಗಳ ಬಗ್ಗೆ 2011ರಲ್ಲಿ ಬಂದ ಅಧ್ಯಯನವೊಂದು ಇದನ್ನು ಚೆನ್ನಾಗಿ ತೋರಿಸಿತು. 1960ರ ದಶಕದ ಆರಂಭದಲ್ಲಿ ಅಲ್ಲಿನ ಖಾಸಗಿ ವಲಯದ ಕೆಲಸಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ಮಧ್ಯಮ ಮಟ್ಟದ ಮೈದುಡಿತವನ್ನಾದರೂ ಕೇಳುತ್ತಿದ್ದವು. ಐದು ದಶಕ ಕಳೆಯುವಷ್ಟರಲ್ಲಿ ಅಂಥವು ಶೇ. 20ಕ್ಕಿಂತ ಕೆಳಗಿಳಿದವು. ಕೆಲಸದಲ್ಲಿ ಖರ್ಚಾಗುತ್ತಿದ್ದ ಶಕ್ತಿ ದಿನಕ್ಕೆ 100 ಕ್ಯಾಲರಿಗಿಂತ ಹೆಚ್ಚು ಇಳಿದುಹೋಯಿತು. ಸೋಮಾರಿಯಾಗುತ್ತೇನೆ ಎಂದು ಯಾರೂ ತೀರ್ಮಾನ ಮಾಡಿರಲಿಲ್ಲ. ಮೇಜು ಬಂತು, ಕುರ್ಚಿ ಬಂತು, ಪರದೆ ಬಂತು.

ಕೆಲಸ ಮನುಷ್ಯನ ಮೈಯನ್ನು ಹೇಗೆ ರೂಪಿಸುತ್ತದೆ ಎಂದು ಮೊದಲಿಗೆ ಗಟ್ಟಿಯಾಗಿ ತೋರಿಸಿದವರು ಲಂಡನ್ನಿನ ವೈದ್ಯ ಜೆರ್ರಿ ಮಾರಿಸ್. 1953ರಲ್ಲಿ ಅವರು ಪ್ರಕಟಿಸಿದ ಅಧ್ಯಯನ ಸಾರಿಗೆ ನೌಕರರದ್ದು, ಸುಮಾರು 31,000 ಗಂಡಸರ ಲೆಕ್ಕ. ಡಬಲ್ ಡೆಕ್ಕರ್ ಬಸ್ಸಿನಲ್ಲಿ ಡ್ರೈವರ್ ಇಡೀ ಪಾಳಿ ಕೂತೇ ಇರುತ್ತಾನೆ. ಕಂಡಕ್ಟರ್ ಟಿಕೆಟ್ ಕೊಡುತ್ತ ಮೇಲೂ ಕೆಳಗೂ ದಿನಕ್ಕೆ ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಇಬ್ಬರದೂ ಅದೇ ಬಸ್ಸು, ಅದೇ ರಸ್ತೆ. ಹೃದ್ರೋಗ ಮಾತ್ರ ಡ್ರೈವರುಗಳಲ್ಲಿ ಹೆಚ್ಚು.

ಎಷ್ಟು ಅಚ್ಚುಕಟ್ಟಾದ ಕತೆ! ಮಾರಿಸ್ ಅವರಿಗೇ ಅದರ ಮೇಲೆ ಅನುಮಾನ ಬಂತು, ಅದೇ ನನಗೆ ಇಷ್ಟವಾದ ಸಂಗತಿ. ಡ್ರೈವರ್ ಕೆಲಸಕ್ಕೆ ಸೇರುವವರು ಮೊದಲಿನಿಂದಲೇ ಬೇರೆ ಥರದವರಾಗಿದ್ದರೆ? ಇದನ್ನು ತಿಳಿಯಲು ಅವರು ಹಿಡಿದದ್ದು ಸಮವಸ್ತ್ರದ ದಾಖಲೆಯನ್ನು. ಸಂಸ್ಥೆಯೇ ಪ್ಯಾಂಟ್ ಹೊಲಿಸಿ ಕೊಡುತ್ತಿದ್ದುದರಿಂದ ಎಲ್ಲರ ಸೊಂಟದ ಅಳತೆಯೂ ಬರೆದಿಟ್ಟಿತ್ತು. 1956ರಲ್ಲಿ ಅದನ್ನೂ ಪ್ರಕಟಿಸಿದರು. ಎಳೆಯ ವಯಸ್ಸಿನ ಡ್ರೈವರುಗಳ ಸೊಂಟ ಕೂಡ ಅದೇ ವಯಸ್ಸಿನ ಕಂಡಕ್ಟರುಗಳಿಗಿಂತ ದಪ್ಪ. ಸ್ಟೇರಿಂಗ್ ಹಿಡಿದು ವರ್ಷಗಟ್ಟಲೆ ಕೂರುವ ಮೊದಲೇ ಇಬ್ಬರ ನಡುವೆ ಸ್ವಲ್ಪ ವ್ಯತ್ಯಾಸವಿತ್ತು. ಹಾಗೆಂದು ಮೆಟ್ಟಿಲಿನ ಪಾಲು ಸುಳ್ಳಾಗಲಿಲ್ಲ. ನಡೆದು ಪತ್ರ ಹಂಚುವ ಅಂಚೆಯವರನ್ನೂ ಕಚೇರಿಯಲ್ಲಿ ಕೂರುವ ಗುಮಾಸ್ತರನ್ನೂ ಹೋಲಿಸಿದಾಗ ಕತೆ ಅದೇ ದಿಕ್ಕಿಗೆ ಹೋಯಿತು. ಮಾರಿಸ್ ತಮ್ಮ ಸಂಶೋಧನೆಯನ್ನು ತಾವೇ ನಂಬಿ ನಡೆದವರು. 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ.

ಪ್ಯಾಂಟಿನ ಕತೆಯನ್ನು ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣವಿದೆ. ‘ಇಂಥದ್ದು ಇದ್ದವರು ಹೆಚ್ಚು ಓಡಾಡುತ್ತಾರೆ’ ಎಂಬ ಸುದ್ದಿ ದಿನಾ ಬರುತ್ತದೆ. ನಾಯಿ ಸಾಕಿದವರು ಹೆಚ್ಚು ನಡೆಯುತ್ತಾರೆ ಅನ್ನುವುದನ್ನೇ ನೋಡಿ. ಇಂಗ್ಲೆಂಡಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ನಡುವಯಸ್ಕರನ್ನೂ ಮುದುಕರನ್ನೂ ಅಳೆದ ಅಧ್ಯಯನವೊಂದು 2017ರಲ್ಲಿ ಬಂತು. ಅತಿ ಚಳಿಯ, ಮಳೆಯ, ಬೆಳಕೇ ಕಾಣದ ದಿನಗಳಲ್ಲೂ ನಾಯಿ ನಡೆಸುವವರ ಓಡಾಟ, ನಾಯಿ ಇಲ್ಲದವರು ಒಳ್ಳೆ ಬಿಸಿಲಿನ ದಿನ ಓಡಾಡಿದ್ದಕ್ಕಿಂತ ಜಾಸ್ತಿ ಇತ್ತು. ಎಲ್ಲರೂ ಒಂದೊಂದು ನಾಯಿ ತಂದುಬಿಟ್ಟರೆ ಆಯಿತೇ? ನಡೆಯುವ ಮನಸ್ಸಿದ್ದವರೇ ನಾಯಿ ತಂದಿರಬಹುದು. ನಾಯಿ ತಂದ ಮೇಲೆ ನಡೆಯದೆ ವಿಧಿಯಿಲ್ಲ ಎಂದೂ ಆಗಿರಬಹುದು. ಎರಡೂ ಸ್ವಲ್ಪ ಸ್ವಲ್ಪ ನಿಜ ಎಂದು ನನ್ನ ಊಹೆ. ಆದರೆ ಒಂದು ಮಾತು ಖಂಡಿತ: ಬಾಗಿಲ ಬಳಿ ನಿಂತು ನಿಮ್ಮನ್ನೇ ದಿಟ್ಟಿಸುವ ಪ್ರಾಣಿಗೆ ‘ಇವತ್ತು ಮೂಡಿಲ್ಲ’ ಎಂದು ಹೇಳುವುದು ಕಷ್ಟ. ಮೊಬೈಲಿನ ಆ್ಯಪ್‌ಗೆ ಹೇಳುವುದು ಬಹಳ ಸುಲಭ.

2012ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ಅದುವರೆಗಿನ ಅಧ್ಯಯನಗಳನ್ನೆಲ್ಲ ಗುಡ್ಡೆ ಹಾಕಿ, ಕೆಲವರು ಯಾಕೆ ಚಟುವಟಿಕೆಯಿಂದಿರುತ್ತಾರೆ, ಕೆಲವರು ಯಾಕಿಲ್ಲ ಎಂಬ ಪ್ರಶ್ನೆಯನ್ನೇ ಕೇಳಿತು. ವಯಸ್ಕರ ವಿಷಯದಲ್ಲಿ ಮತ್ತೆ ಮತ್ತೆ ಮೇಲೆ ಬಂದದ್ದು ಎರಡು ಅಂಶ. ಒಂದು ಆರೋಗ್ಯದ ಸ್ಥಿತಿ, ಇನ್ನೊಂದು ‘ನನ್ನ ಕೈಲಾಗುತ್ತದೆ’ ಎಂಬ ನಂಬಿಕೆ. ಮೊದಲನೆಯದು ಸುತ್ತಿ ಸುತ್ತಿ ಬರುವ ವಿಷಯ. ಆರೋಗ್ಯವಿದ್ದರೆ ಓಡಾಟ, ಓಡಾಟವಿದ್ದರೆ ಆರೋಗ್ಯ. ಎರಡನೆಯದರ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ.

ಕೈಲಾಗುತ್ತದೆ ಎಂಬ ನಂಬಿಕೆ ಅಂದರೆ ಧೈರ್ಯವಲ್ಲ, ಹುಮ್ಮಸ್ಸೂ ಅಲ್ಲ. ಆಲ್ಬರ್ಟ್ ಬಂಡೂರಾ ಎಂಬ ಮನೋವಿಜ್ಞಾನಿ 1977ರಲ್ಲಿ ಇದನ್ನು ಬಿಡಿಸಿ ಹೇಳಿದರು. ಇಂಥ ಕೆಲಸವನ್ನು ಇಂಥ ಸ್ಥಿತಿಯಲ್ಲಿ ನಾನು ಮಾಡಬಲ್ಲೆನೇ ಎಂದು ನಮ್ಮೊಳಗೇ ಹಾಕಿಕೊಳ್ಳುವ ಅಂದಾಜು ಅದು. ಅದನ್ನು ಬೆಳೆಸುವುದು ಭಾಷಣವಲ್ಲ, ಮಾಡಿ ಗೆದ್ದ ಅನುಭವ. ನನ್ನ ಹತ್ತಿರ ಒಬ್ಬ ತಾಯಿ ಬರುತ್ತಿದ್ದರು, ಅರವತ್ತು ದಾಟಿದವರು. ಒಮ್ಮೆ ಮೆಟ್ಟಿಲಿನಲ್ಲಿ ಜಾರಿ ಎಡಗಾಲಿಗೆ ಪೆಟ್ಟಾಗಿತ್ತು. ಮೂಳೆ ಕೂಡಿತ್ತು, ಎಕ್ಸ್‌ರೇ ಚೆನ್ನಾಗಿತ್ತು, ಸ್ನಾಯುಗಳಲ್ಲಿ ಬಲವೂ ಬಂದಿತ್ತು. ಆದರೂ ಮೆಟ್ಟಿಲ ಮುಂದೆ ನಿಂತರೆ ಬಲಗೈ ಕಂಬಿಯನ್ನು ಹೇಗೆ ಹಿಡಿಯುತ್ತಿತ್ತು ಅಂದರೆ ಬೆರಳ ಗೆಣ್ಣುಗಳು ಬೆಳ್ಳಗಾಗುತ್ತಿದ್ದವು. “ಆಗಲ್ಲ ಕಣಪ್ಪ, ಬೇಡ ಬಿಡು” ಎನ್ನುವರು. ಹೃದಯಕ್ಕೆ ಒಳ್ಳೆಯದಮ್ಮ, ಮೂಳೆಗೆ ಒಳ್ಳೆಯದಮ್ಮ ಎಂದು ನಾನು ಎರಡು ವಾರ ಉಪದೇಶ ಮಾಡಿದೆ. ಏನೂ ಆಗಲಿಲ್ಲ. ಒಳ್ಳೆಯದೆಂದು ಅವರಿಗೂ ಗೊತ್ತಿತ್ತಲ್ಲ! ಆಮೇಲೆ ಅಂಗೈ ಅಗಲದ ಒಂದು ಮರದ ಹಲಗೆಯನ್ನು ನೆಲದ ಮೇಲಿಟ್ಟೆ. ಅದರ ಮೇಲೆ ಎಡಗಾಲಿಡಿ, ತೆಗೆಯಿರಿ, ಅಷ್ಟೇ ಸಾಕು ಅಂದೆ. ನಕ್ಕರು, ಮಾಡಿದರು. ಮೂರನೇ ದಿನ ಹಲಗೆ ಎರಡಾಯಿತು. ಮೆಟ್ಟಿಲಿನ ಎತ್ತರಕ್ಕೆ ಬರಲು ಮೂರು ವಾರ ಹಿಡಿಯಿತು. ಮೊದಲ ನಾಲ್ಕು ಮೆಟ್ಟಿಲು ಹತ್ತಿದ ದಿನ ಅವರು ತಿರುಗಿ ನನ್ನನ್ನು ನೋಡಲಿಲ್ಲ, ಕೆಳಗಿನ ಮೆಟ್ಟಿಲುಗಳನ್ನು ನೋಡಿದರು.

ಅವರ ಮಗಳು ಪ್ರತಿ ಸಲವೂ ಜೊತೆಗೆ ಬರುತ್ತಿದ್ದರು. ಅದೂ ಲೆಕ್ಕಕ್ಕಿದೆ. ಮನೆಯವರ, ಗೆಳೆಯರ ಬೆಂಬಲ ಎಂಬುದು ಇಂಥ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣುವ ಅಂಶ. ಬೆಂಬಲ ಅಂದರೆ ‘ವಾಕಿಂಗ್ ಹೋಗಬಾರದಾ’ ಎಂದು ಸೋಫಾದಿಂದ ಕೂಗುವುದಲ್ಲ. ಜೊತೆಗೆ ಚಪ್ಪಲಿ ಮೆಟ್ಟಿಕೊಳ್ಳುವುದು.

ಹುಟ್ಟಿನಿಂದ ಬರುವುದೂ ಇದೆ, ಮುಚ್ಚಿಡುವುದು ಬೇಡ. ಏಳು ದೇಶಗಳ ಸುಮಾರು 37,000 ಜೋಡಿ ಅವಳಿಗಳ ಮೇಲೆ ನಡೆದ ಅಧ್ಯಯನ 2006ರಲ್ಲಿ ಬಂತು. ಬಿಡುವಿನಲ್ಲಿ ವ್ಯಾಯಾಮ ಮಾಡುವವರು, ಮಾಡದವರು ಎಂಬ ವ್ಯತ್ಯಾಸದಲ್ಲಿ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಅನುವಂಶೀಯತೆಯ ಪಾಲಿರಬಹುದು ಎಂದು ಅದರ ಅಂದಾಜು. ಇದನ್ನು ತಪ್ಪಾಗಿ ಓದಬೇಡಿ. ನಿಮ್ಮ ಓಡಾಟದಲ್ಲಿ ಅರ್ಧ ನಿಮ್ಮ ಅಪ್ಪನದು ಎಂದರ್ಥವಲ್ಲ. ಒಂದೇ ಬಗೆಯ ಪರಿಸರದಲ್ಲಿರುವ ಜನರ ನಡುವಿನ ವ್ಯತ್ಯಾಸದ ಮಾತು ಇದು. ಅಮೆರಿಕದ ವೈದ್ಯ ಜೇಮ್ಸ್ ಲೆವಿನ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕಿಂತ ಮಜವಾಗಿದೆ. 16 ಮಂದಿಗೆ ಎಂಟು ವಾರ ದಿನಕ್ಕೆ 1,000 ಕ್ಯಾಲರಿ ಹೆಚ್ಚಿಗೆ ತಿನ್ನಿಸಿದರು. ಒಬ್ಬರಿಗೆ ಅರ್ಧ ಕಿಲೋ ಕೊಬ್ಬೂ ಏರಲಿಲ್ಲ, ಇನ್ನೊಬ್ಬರಿಗೆ ನಾಲ್ಕು ಕಿಲೋ ದಾಟಿತು. ವ್ಯಾಯಾಮ ಎಲ್ಲರಿಗೂ ಒಂದೇ ಮಿತಿಯಲ್ಲಿತ್ತು. ಏರದವರು ತಮಗೇ ಗೊತ್ತಿಲ್ಲದೆ ಹೆಚ್ಚು ಮಿಸುಕಾಡಿದ್ದರು. ನಿಲ್ಲುವುದು, ಏಳುವುದು, ಕಾಲು ಕುಣಿಸುವುದು. ಈಗಲೂ ನಿಮ್ಮಲ್ಲಿ ಕೆಲವರ ಕಾಲು ಕುಣಿಯುತ್ತಿದೆ, ನೋಡುತ್ತಿದ್ದೇನೆ. ನಿಲ್ಲಿಸಬೇಡಿ.

ಈಗ ನಮ್ಮಂಥ ಚಿಕಿತ್ಸಕರು ಅತಿ ಹೆಚ್ಚು ಕಡೆಗಣಿಸಿದ ಅಂಶಕ್ಕೆ ಬರುತ್ತೇನೆ. ವ್ಯಾಯಾಮ ಮಾಡುವಾಗ ಹೇಗನ್ನಿಸುತ್ತದೆ? ಆಮೇಲಲ್ಲ, ಮಾಡುವಾಗಲೇ. ಮಾಡಿ ಮುಗಿಸಿದ ಮೇಲೆ ಹಗುರವೆನಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ನಾಳೆ ಮತ್ತೆ ಬರಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದರಲ್ಲಿ ಆ ನಡುವಿನ ಹತ್ತು ನಿಮಿಷಗಳ ಪಾತ್ರ ದೊಡ್ಡದು. ಮಾತಾಡಲಾಗದಷ್ಟು ಏದುಸಿರು ಬರುವ ಹಂತವೊಂದಿದೆ. ಅಲ್ಲಿಯವರೆಗೆ ಹೆಚ್ಚಿನವರಿಗೆ ಹಿತವಾಗಿಯೇ ಇರುತ್ತದೆ, ಅದನ್ನು ದಾಟಿದರೆ ಬಹುಮಂದಿಗೆ ಹಿಂಸೆ. ತುಂಬ ದಿನ ಕೂತೇ ಇದ್ದವರಿಗೆ ಆ ಗೆರೆ ಬಹಳ ಬೇಗ ಬಂದುಬಿಡುತ್ತದೆ. ಅವರನ್ನು ಮೊದಲ ದಿನವೇ ಅದರಾಚೆ ಓಡಿಸಿ ‘ನೋವಿಲ್ಲದೆ ಲಾಭವಿಲ್ಲ’ ಎನ್ನುವ ತರಬೇತುದಾರರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಬ್ಬ ಗಿರಾಕಿಯನ್ನಲ್ಲ, ಇಡೀ ಒಂದು ಅಭ್ಯಾಸವನ್ನೇ ಅವರು ಓಡಿಸಿರುತ್ತಾರೆ.

2016ರಲ್ಲಿ ಒಂದು ಪುಟ್ಟ ಪ್ರಯೋಗ ಪ್ರಕಟವಾಯಿತು. 46 ಮಂದಿ ತಲಾ ಹದಿನೈದು ನಿಮಿಷ ಸೈಕಲ್ ಯಂತ್ರ ತುಳಿದರು. ಅರ್ಧದಷ್ಟು ಜನರಿಗೆ ಸುಲಭದಿಂದ ಶುರುಮಾಡಿ ಕಷ್ಟಕ್ಕೆ ಏರಿಸಿದರು, ಉಳಿದವರಿಗೆ ಕಷ್ಟದಿಂದ ಶುರುಮಾಡಿ ಸುಲಭಕ್ಕೆ ಇಳಿಸಿದರು. ಒಟ್ಟು ದುಡಿತ ಇಬ್ಬರಿಗೂ ಸಮ. ಕೊನೆಗೆ ಸುಲಭವಾದವರಿಗೆ ಅದು ಹಿತವಾದ ನೆನಪಾಗಿ ಉಳಿಯಿತು, ವಾರ ಕಳೆದ ಮೇಲೂ. ಇದನ್ನು ಓದುವವರೆಗೆ ನಾನು ನನ್ನ ರೋಗಿಗಳಿಗೆ ಅತಿ ಕಷ್ಟದ ವ್ಯಾಯಾಮವನ್ನು ಕೊನೆಗಿಡುತ್ತಿದ್ದೆ, ಊಟದ ಕೊನೆಗೆ ಕಹಿ ಮದ್ದು ಬಡಿಸಿದ ಹಾಗೆ. ಈಗ ತಿರುಗಿಸಿದ್ದೇನೆ.

ಆರಂಭಶೂರತನ ಎಂಬ ಒಳ್ಳೆಯ ಪದ ನಮ್ಮಲ್ಲಿದೆ. ಮಾಡುತ್ತೇನೆ ಎಂದು ನಿಜವಾಗಿಯೂ ಮನಸ್ಸು ಮಾಡಿದವರಲ್ಲೂ ಸುಮಾರು ಅರ್ಧದಷ್ಟು ಮಂದಿ ಮಾಡುವುದಿಲ್ಲ ಎನ್ನುತ್ತವೆ ಅಧ್ಯಯನಗಳು. ದುಡ್ಡು ಕಟ್ಟಿದರೆ ಮಾಡುತ್ತೇವೆ ಎಂದುಕೊಳ್ಳುತ್ತೇವೆ. ಅಮೆರಿಕದ ಇಬ್ಬರು ಅರ್ಥಶಾಸ್ತ್ರಜ್ಞರು ಜಿಮ್‌ಗಳ ಹಾಜರಿ ಪುಸ್ತಕ ತೆಗೆದು ನೋಡಿದರು, 2006ರಲ್ಲಿ ಬರೆದರು. ತಿಂಗಳ ಚಂದಾ ಕಟ್ಟಿದವರು ಸರಾಸರಿ ತಿಂಗಳಿಗೆ ನಾಲ್ಕು ಸಲ ಚಿಲ್ಲರೆ ಬಂದಿದ್ದರು. ಹೋದಾಗ ಹೋದಾಗ ಕೊಟ್ಟಿದ್ದರೆ ಕಡಿಮೆಯಲ್ಲೇ ಆಗುತ್ತಿತ್ತು. ಪೂರ್ತಿ ನಿಂತುಹೋದ ಮೇಲೂ, ಕೊನೆಯ ಸಲ ಹೋದದ್ದಕ್ಕೂ ಚಂದಾ ರದ್ದು ಮಾಡಿದ್ದಕ್ಕೂ ನಡುವೆ ಸರಾಸರಿ ಎರಡು ತಿಂಗಳಿಗೂ ಹೆಚ್ಚು ಅಂತರ. ‘ಮುಂದಿನ ವಾರದಿಂದ’ ಎಂಬ ಮಾತಿನ ಬೆಲೆ ಅದು.

ಹೊಸತನದ ಆಸೆಯೂ ಬಹಳ ದಿನ ಬಾಳುವುದಿಲ್ಲ. 2016ರಲ್ಲಿ ಪೋಕೆಮಾನ್ ಗೋ ಎಂಬ ಮೊಬೈಲ್ ಆಟ ಬಂದಾಗ ಜನ ಬೀದಿ ಬೀದಿ ಅಲೆದರು, ನೆನಪಿರಬಹುದು. ಆಡಿದವರ ಹೆಜ್ಜೆ ಮೊದಲ ವಾರ ದಿನಕ್ಕೆ ಸರಾಸರಿ 955 ಹೆಚ್ಚಾಯಿತು. ಆರನೇ ವಾರಕ್ಕೆ ಮೊದಲಿದ್ದಲ್ಲಿಗೇ ಬಂತು. ಕತೆ ಕೇಳಿಸುವ ಉಪಾಯವನ್ನೂ ಮಾಡಿ ನೋಡಿದ್ದಾರೆ. ಕುತೂಹಲ ಹುಟ್ಟಿಸುವ ಕಾದಂಬರಿಗಳ ಧ್ವನಿಮುದ್ರಣ ಜಿಮ್ಮಿನಲ್ಲಿ ಮಾತ್ರ ಸಿಗುವ ಹಾಗೆ ಬೀಗ ಹಾಕಿಟ್ಟರು. ಮೊದಲಿಗೆ ಹಾಜರಿ ಶೇ. 51ರಷ್ಟು ಏರಿತು. ನಡುವೆ ಹಬ್ಬದ ರಜೆ ಬಂತು, ಜಿಮ್ ಮುಚ್ಚಿತು, ಆ ಪ್ರಭಾವವೂ ಇಳಿಯಿತು. ಇದ್ದ ಅಭ್ಯಾಸ ತಪ್ಪಲು ಒಂದು ರಜೆ, ಒಂದು ಜ್ವರ, ಒಂದು ಮದುವೆ ಸಾಕು.

ಇವುಗಳ ನಡುವೆ ಬಹಳ ಅಗ್ಗದ ಒಂದು ಉಪಾಯ ಮಾತ್ರ ನನ್ನನ್ನು ಬೆರಗುಗೊಳಿಸಿತು. ಇಂಗ್ಲೆಂಡಿನಲ್ಲಿ 248 ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗ, 2002ರದ್ದು. ಮುಂದಿನ ವಾರ ಒಮ್ಮೆ ಇಪ್ಪತ್ತು ನಿಮಿಷ ಬಿರುಸಿನ ವ್ಯಾಯಾಮ ಮಾಡಬೇಕು. ಒಂದು ಗುಂಪಿಗೆ ಏನೂ ಹೇಳಲಿಲ್ಲ, ಶೇ. 38 ಮಂದಿ ಮಾಡಿದರು. ಎರಡನೆಯ ಗುಂಪಿಗೆ ಹೃದ್ರೋಗದ ಬಗ್ಗೆ ಓದಿಸಿ ಮನವೊಲಿಸಿದರು, ಶೇ. 35 ಮಾಡಿದರು. ಹೌದು, ಬೋಧನೆಯಿಂದ ಏನೂ ಗಿಟ್ಟಲಿಲ್ಲ. ಮೂರನೆಯ ಗುಂಪಿಗೂ ಅದೇ ಓದು ಕೊಟ್ಟು, ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಮಾಡುತ್ತೀರಿ ಎಂದು ಒಂದು ಸಾಲು ಬರೆಸಿದರು. ಶೇ. 91! ಒಂದು ವಾರದ, ಒಂದೇ ಸಲದ ಮಾತು ಇದು. ವರ್ಷಗಟ್ಟಲೆ ನಡೆಯುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ನಮ್ಮ ಮನಸ್ಸಿಗೆ ಬೇಕಾಗಿದ್ದದ್ದು ಇನ್ನೊಂದು ಕಾರಣವಲ್ಲ, ಒಂದು ವಿಳಾಸ ಮತ್ತು ಒಂದು ಹೊತ್ತು.

ಹೊತ್ತು ಅಂದೆನಲ್ಲ, ಟೈಮಿಲ್ಲ ಎಂಬ ಮಾತಿಗೆ ಬರೋಣ. ಅಮೆರಿಕನ್ನರು ದಿನವನ್ನು ಹೇಗೆ ಕಳೆಯುತ್ತಾರೆ ಎಂಬ ಸಮೀಕ್ಷೆಯನ್ನು ಲೆಕ್ಕ ಹಾಕಿದವರು ಸರಾಸರಿ ಐದು ಗಂಟೆಗೂ ಹೆಚ್ಚು ಬಿಡುವಿದೆ ಎಂದರು, ಹೆಚ್ಚಿನ ಭಾಗ ಪರದೆಗಳ ಮುಂದೆ ಕಳೆಯುತ್ತದೆ ಎಂದರು. ಪತ್ರಿಕೆಗಳು ಇದನ್ನು ಹಿಡಿದು ಜನರಿಗೆ ಛೀಮಾರಿ ಹಾಕಿದವು. ನನಗೆ ಅದು ಸರಿಕಾಣುವುದಿಲ್ಲ. ಐದು ಗಂಟೆ ಒಟ್ಟಿಗೆ ಸಿಗುವುದಿಲ್ಲ, ಹತ್ತು ನಿಮಿಷ ಇಲ್ಲಿ, ಕಾಲು ಗಂಟೆ ಅಲ್ಲಿ, ಅದೂ ದಣಿದು ಸುಸ್ತಾದ ಹೊತ್ತಿನಲ್ಲಿ. ಹೆಂಗಸರಿಗೆ ಗಂಡಸರಿಗಿಂತ ಕಡಿಮೆ ಬಿಡುವು ಎಂಬುದನ್ನೂ ಅದೇ ಲೆಕ್ಕ ತೋರಿಸಿತು. ಜಗತ್ತಿನಾದ್ಯಂತ ಗುರಿ ಮುಟ್ಟದ ಗಂಡಸರು ಶೇ. 29, ಹೆಂಗಸರು ಶೇ. 34. ಬೆಳಿಗ್ಗೆ ಐದಕ್ಕೆ ಎದ್ದು ಒಬ್ಬರೇ ಓಡಲು ಹೋಗುವ ರಸ್ತೆ ಎಲ್ಲರಿಗೂ ಒಂದೇ ರಸ್ತೆಯಲ್ಲ. ಕತ್ತಲಿದ್ದರೆ ಗಂಡಸಿಗೆ ಬ್ಯಾಟರಿ ಸಾಕು, ಹೆಣ್ಣಿಗೆ ಜೊತೆ ಬೇಕು. ಮಗು ಹುಟ್ಟಿದ ಮೇಲಿನ ವರ್ಷಗಳನ್ನು ನಾನು ವಿವರಿಸಬೇಕಾಗಿಲ್ಲ, ಇಲ್ಲಿ ಮಗುವನ್ನು ಎತ್ತಿಕೊಂಡೇ ಬಂದಿರುವವರಿದ್ದಾರೆ.

ಇನ್ನು ಕೆಲವರು ದಿನವಿಡೀ ಮೈಮುರಿದು ದುಡಿಯುತ್ತಾರೆ. ಅವರ ಮುಂದೆ ವ್ಯಾಯಾಮದ ಮಾತೆತ್ತಲು ನಾಚಿಕೆಯಾಗಬೇಕು. ಭಾರ ಹೊರುವ ಕೆಲಸದ ಗಂಡಸರು, ಹೆಚ್ಚು ಮೈದುಡಿತವಿಲ್ಲದ ಕೆಲಸದವರಿಗಿಂತ ಬೇಗ ಸಾಯುವ ಸಂಭವ ಶೇ. 18ರಷ್ಟು ಹೆಚ್ಚು ಎಂದು, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2018ರ ಒಂದು ವಿಶ್ಲೇಷಣೆ ಕಂಡಿತು. ಬಿಡುವಿಲ್ಲದೆ, ಬೇಕಾದಾಗ ನಿಲ್ಲಿಸುವ ಸ್ವಾತಂತ್ರ್ಯವಿಲ್ಲದೆ ಮಾಡುವ ದುಡಿತವನ್ನೂ ಇಷ್ಟಪಟ್ಟು ಮಾಡುವ ನಡಿಗೆಯನ್ನೂ ಒಂದೇ ತಕ್ಕಡಿಯಲ್ಲಿಡಬಾರದು. ಬಡತನವೂ ಇದರಲ್ಲಿ ಬೆರೆತಿರುವುದರಿಂದ ಪೂರ್ತಿ ಬಿಡಿಸಿ ಹೇಳುವುದು ಕಷ್ಟ.

ಕೊನೆಗೆ ನೆಲ. ಹತ್ತು ದೇಶಗಳ ಹದಿನಾಲ್ಕು ನಗರಗಳಲ್ಲಿ 6,822 ವಯಸ್ಕರನ್ನು ಯಂತ್ರ ಕಟ್ಟಿ ಅಳೆದ ಅಧ್ಯಯನ 2016ರಲ್ಲಿ ಬಂತು. ಮನೆಗಳು ಒತ್ತಾಗಿರುವ, ಅಡ್ಡರಸ್ತೆಗಳು ಹೆಚ್ಚಿರುವ, ಬಸ್ಸು ರೈಲುಗಳ ನಿಲ್ದಾಣ ಹತ್ತಿರವಿರುವ, ಉದ್ಯಾನಗಳಿರುವ ಬಡಾವಣೆಯವರು, ಇವೇನೂ ಇಲ್ಲದ ಬಡಾವಣೆಯವರಿಗಿಂತ ವಾರಕ್ಕೆ 68ರಿಂದ 89 ನಿಮಿಷ ಹೆಚ್ಚು ಓಡಾಡುತ್ತಿದ್ದರು. ಬೇಕಾದ 150ರಲ್ಲಿ ಅರ್ಧದಷ್ಟು! ಬಸ್ಸಿನವರ ಪ್ಯಾಂಟು ನೆನಪಿದ್ದವರು ಇಲ್ಲಿ ಕೈಯೆತ್ತಬೇಕು. ನಡೆಯುವ ಆಸೆಯಿದ್ದವರೇ ಅಂಥ ಬಡಾವಣೆಗೆ ಮನೆ ಮಾಡಿರಬಹುದಲ್ಲ? ಇರಬಹುದು. ಅದಕ್ಕೆ ಉತ್ತರವಾಗಿ 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ, ಅಮೆರಿಕದೊಳಗೆ ಊರು ಬದಲಿಸಿದ 5,000ಕ್ಕೂ ಹೆಚ್ಚು ಜನರ ಮೊಬೈಲಿನ ಹೆಜ್ಜೆಲೆಕ್ಕವನ್ನು ಹಿಡಿಯಿತು. ಅದೇ ಮನುಷ್ಯ, ಅದೇ ಕಾಲು, ಅದೇ ಸೋಮಾರಿತನ, ಬದಲಾದದ್ದು ಊರು. ನಡೆಯಲು ಅಷ್ಟಾಗಿ ಅನುಕೂಲವಿಲ್ಲದ ಕಡೆಯಿಂದ ನ್ಯೂಯಾರ್ಕಿಗೆ ಹೋದವರ ಹೆಜ್ಜೆ ದಿನಕ್ಕೆ ಸರಾಸರಿ 5,600ರಿಂದ 7,000ಕ್ಕೆ ಏರಿತು. ಅಲ್ಲಿಂದ ಇತ್ತ ಬಂದವರದು ಅಷ್ಟೇ ಇಳಿಯಿತು.

ಮಾತು ಮುಗಿಯುವ ಹೊತ್ತಿಗೆ ಮುಂದಿನ ಸಾಲಿನಿಂದ ಹಿರಿಯರೊಬ್ಬರು ಕೇಳುತ್ತಿದ್ದಾರೆ: ಅವರು ನಿವೃತ್ತರಾಗಿ ಮೂರು ತಿಂಗಳಾಯಿತಂತೆ, ಈಗ ಬೇಕಾದಷ್ಟು ಹೊತ್ತಿದೆ, ಆದರೂ ಮೊದಲಿಗಿಂತ ಕಡಿಮೆ ನಡೆಯುತ್ತಿದ್ದಾರಂತೆ, ಹೀಗೇಕೆ ಎಂದು. ಸರ್, ನಿವೃತ್ತಿಯಾದ ಮೇಲೆ ಬಿಡುವಿನ ವ್ಯಾಯಾಮ ಹೆಚ್ಚುವವರು ಬಹಳ ಮಂದಿಯಿದ್ದಾರೆ. ಆದರೆ ಕೆಲಸಕ್ಕೆ ಹೋಗುತ್ತ ಬರುತ್ತ ಆಗುತ್ತಿದ್ದ ನಡಿಗೆ ಎಲ್ಲರಿಗೂ ಒಂದೇ ದಿನಕ್ಕೆ ನಿಂತುಹೋಗುತ್ತದೆ. ನೀವು ಬಸ್ ನಿಲ್ದಾಣಕ್ಕೆ ನಡೆದೇ ಹೋಗುತ್ತಿದ್ದಿರಾ? ಹೌದೇ. ಮನೆ ಬಿಡುತ್ತಿದ್ದದ್ದು ಎಷ್ಟು ಹೊತ್ತಿಗೆ? ಎಂಟೂ ಹತ್ತಕ್ಕೆ. ನೋಡಿ, ನಿಮಿಷ ಸಮೇತ ನೆನಪಿದೆ. ಮೂವತ್ತು ವರ್ಷದ ಎಂಟೂ ಹತ್ತು ಅದು, ಇನ್ನೂ ಕಾಲಿನಲ್ಲೇ ಇದೆ. ನಾಳೆಯೂ ಎಂಟೂ ಹತ್ತಕ್ಕೇ ಬಾಗಿಲು ದಾಟಿ.

ಎಲ್ಲಿಗೆ ಹೋಗಲಿ ಅಂತೀರಾ? ಅದನ್ನು ನಿಮ್ಮ ಪಕ್ಕದಲ್ಲಿರುವ ಅಮ್ಮನವರು ಆಗಲೇ ಪಟ್ಟಿ ಮಾಡುತ್ತಿದ್ದಾರೆ, ನನಗೆ ಇಲ್ಲಿಂದ ಕಾಣುತ್ತಿದೆ.